ಸಂಗ್ರಾಣಿ ಕಲ್ಲಿನಿಂದ ಗಾಜಿನ ತಕ್ಕಡಿಗೆ

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಅಣ್ಣಿಗೇರಿ ಸೀಮೆಯಲ್ಲಿ ಗಂಡಸಿನ ಮೈಯನ್ನು ಅಳೆಯುವ ರೂಢಿ ಹಳೆಯದು. ಗರಡಿಮನೆಯ ಮುಂದೆಯೋ ಗುಡಿಯ ಕಟ್ಟೆಯ ಬದಿಗೋ ಬಿದ್ದಿರುತ್ತಿದ್ದ ಸಂಗ್ರಾಣಿ ಕಲ್ಲೇ ಅದರ ಅಳತೆಗೋಲು. ಹರೆಯದವರು ಅದನ್ನು ಎದೆಮಟ್ಟ, ಹೆಗಲಮಟ್ಟ ಎತ್ತಿ ತಮ್ಮ ಕಸುವನ್ನು ಊರಿನ ಮುಂದೆ ಸಾಬೀತು ಮಾಡುತ್ತಿದ್ದರು. ಕ್ವಿಂಟಲ್ ಜೋಳದ ಚೀಲ ಹೊರುವ ಪಂದ್ಯವೂ ಇದೇ ಜಾತಿಯದು. ಇಲ್ಲಿ ತೂಗುತ್ತಿದ್ದದ್ದು ಕಲ್ಲನ್ನು, ಚೀಲವನ್ನು. ಎತ್ತುವವನ ತೂಕ ಎಷ್ಟು, ಅದರಲ್ಲಿ ಕೊಬ್ಬೆಷ್ಟು, ಮಾಂಸವೆಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಇಂಥ ಊರುಗಳಿಗೂ ಗಾಜಿನ ತೂಕದ ಯಂತ್ರ ಬಂದಿದೆ. ಬರಿಗಾಲಲ್ಲಿ ನಿಂತರೆ ಕೊಬ್ಬಿನ ಶೇಕಡಾವಾರು ಲೆಕ್ಕ ಮೊಬೈಲಿನಲ್ಲಿ ಮೂಡುತ್ತದೆ. ದಶಾಂಶದ ಸಮೇತ ಬರುವುದರಿಂದ ಆ ಅಂಕಿ ಬಲು ಖಚಿತವೆನಿಸುತ್ತದೆ. ಆದರೆ ಆ ಯಂತ್ರ ಕೊಬ್ಬನ್ನು ಅಳೆಯುವುದೇ ಇಲ್ಲ. ಅದು ಹೇಳುವುದು ಒಂದು ಅಂದಾಜು, ಅದೂ ಬೇರೆ ದೇಶಗಳ ಬೇರೆ ಜನರ ಮೈಯಿಂದ ಕಟ್ಟಿದ ಅಂದಾಜು. ಅದರ ಹುಟ್ಟನ್ನು ತಿಳಿಯದೆ ಅದನ್ನು ಓದಿದರೆ ವೃಥಾ ಅಂಜಿಕೆಯಾದರೂ ಆದೀತು, ಸುಳ್ಳು ಧೈರ್ಯವಾದರೂ ಬಂದೀತು.

ಈ ಲೆಕ್ಕ ಶುರುವಾದದ್ದೂ ಪೈಲ್ವಾನರಂಥವರಿಂದಲೇ ಎಂಬುದು ಗಮನಿಸಬೇಕಾದ ಸಂಗತಿ. 1942ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆನ್ಕೆ ಮತ್ತು ಸಂಗಡಿಗರು 25 ಮಂದಿ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ನೀರಿನಲ್ಲಿ ಮುಳುಗಿಸಿ ತೂಗಿದರು. ಎತ್ತರಕ್ಕೆ ಇಷ್ಟೇ ತೂಕವಿರಬೇಕೆಂಬ ಅಂದಿನ ಪಟ್ಟಿಯ ಪ್ರಕಾರ ಅವರಲ್ಲಿ 17 ಮಂದಿ ಸೈನ್ಯಕ್ಕೆ ನಾಲಾಯಕ್ಕು. ನೀರೊಳಗಿನ ತೂಕವಾದರೋ ಆ ಭಾರವೆಲ್ಲ ಹೆಚ್ಚಾಗಿ ಮಾಂಸಖಂಡದ್ದೆಂದು ತೋರಿಸಿತು. ಕೊಬ್ಬು ಹಗುರ, ಮಾಂಸ ಮತ್ತು ಎಲುಬು ಭಾರ ಎಂಬ ಈ ತತ್ತ್ವವನ್ನು ಹಿಡಿದು ವಿಲಿಯಂ ಸಿರಿ 1961ರಲ್ಲಿ ಮೈಯ ಸಾಂದ್ರತೆಯಿಂದ ಕೊಬ್ಬಿನ ಪಾಲನ್ನು ತೆಗೆಯುವ ಸೂತ್ರ ಕೊಟ್ಟರು. ಅದೇ ದಶಕದಲ್ಲಿ ಮೈಯೊಳಗೆ ಸಣ್ಣ ವಿದ್ಯುತ್ತು ಹರಿಸಿ ನೀರಿನ ಅಂಶವನ್ನು ಅಂದಾಜಿಸುವ ಪ್ರಯೋಗಗಳು ನಡೆದವು. 1990ರ ದಶಕದಲ್ಲಿ ಜಪಾನಿನ ತನಿತಾ ಕಂಪನಿ ಇದನ್ನು ಕಾಲಿನಿಂದ ಕಾಲಿಗೆ ವಿದ್ಯುತ್ತು ಹರಿಸುವ ಮನೆಬಳಕೆಯ ತಕ್ಕಡಿಯೊಳಗೆ ಇಳಿಸಿತು.

ಹೀಗೆ ಅಂದಾಜಿನ ಮೇಲೆ ಅಂದಾಜು ಕೂತಿದೆ. ನೀರು ತುಂಬಿದ ಮಾಂಸ ವಿದ್ಯುತ್ತನ್ನು ಸಲೀಸಾಗಿ ಬಿಡುತ್ತದೆ, ಕೊಬ್ಬು ತಡೆಯುತ್ತದೆ. ಯಂತ್ರಕ್ಕೆ ಸಿಗುವುದು ಆ ತಡೆಯ ಪ್ರಮಾಣ ಮಾತ್ರ. ಅದಕ್ಕೆ ಎತ್ತರ, ವಯಸ್ಸು, ತೂಕ, ಗಂಡೋ ಹೆಣ್ಣೋ ಎಂಬ ಮಾಹಿತಿ ಸೇರಿಸಿ ಉಳಿದದ್ದನ್ನು ಸೂತ್ರ ತುಂಬಿಸುತ್ತದೆ. ಕ್ರೀಡಾಪಟು ಎಂಬ ಆಯ್ಕೆಯಿರುವ ಯಂತ್ರಗಳಲ್ಲಿ ಅದನ್ನು ಒತ್ತಿ ನಿಂತರೆ ಅದೇ ಮೈಯ ಕೊಬ್ಬು ಆ ಕ್ಷಣವೇ ಕಡಿಮೆಯಾಗಿ ಕಾಣುತ್ತದೆ. ಮೈ ಬದಲಾಗಲಿಲ್ಲ, ಸೂತ್ರ ಬದಲಾಯಿತು. ಎರೆಹೊಲದಲ್ಲಿ ದುಡಿದು ನೀರಿಳಿದ ಮೈ ಕೊಬ್ಬನ್ನು ಹೆಚ್ಚಾಗಿ ತೋರಿಸಬಹುದು. ಬಿರುಕುಬಿಟ್ಟ, ಗಟ್ಟಿ ಚರ್ಮದ ಅಂಗಾಲು ತಾನೇ ಒಂದು ತಡೆಯಾಗಬಹುದು. ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುವ ವಿದ್ಯುತ್ತಿಗೆ ತೊಡೆ, ಮೀನಖಂಡಗಳ ಸುದ್ದಿ ಚೆನ್ನಾಗಿ ಗೊತ್ತು, ಹೊಟ್ಟೆಯದು ಬಹಳ ಕಡಿಮೆ. ನಮ್ಮ ಗಂಡಸರಿಗೆ ಅಪಾಯ ಕೂಡಿಕೊಳ್ಳುವುದು ಹೊಟ್ಟೆಯಲ್ಲೇ. ಅಂಕಿಯನ್ನು ಹೋಲಿಸುವ ಪಟ್ಟಿಯೂ ನಮ್ಮದಲ್ಲ. 20ರಿಂದ 39 ವಯಸ್ಸಿನ ಗಂಡಸಿಗೆ ಸುಮಾರು ಶೇ. 8ರಿಂದ 20 ಕೊಬ್ಬು ಸರಿ ಎಂದು ಹೇಳುವ, ಬಹಳ ಬಳಕೆಯಲ್ಲಿರುವ ಪಟ್ಟಿಯ ಮೂಲ 2000ನೇ ಇಸವಿಯ ಅಧ್ಯಯನವೊಂದರಲ್ಲಿದೆ. ಅದರಲ್ಲಿ ಅಳೆದದ್ದು ಅಮೆರಿಕ, ಬ್ರಿಟನ್, ಜಪಾನಿನ ಜನರನ್ನು.

ಹಾಗಾದರೆ ಈ ಯಂತ್ರವನ್ನು ಬಿಟ್ಟು ಸಂಗ್ರಾಣಿ ಕಲ್ಲಿಗೇ ಮರಳೋಣವೇ ಎಂದು ಯಾರಾದರೂ ಕೇಳಬಹುದು. ದುಡಿಯುವ ಮೈಗೆ ಕೊಬ್ಬಿನ ಚಿಂತೆ ಯಾಕೆ, ಕಸುವಿದ್ದರೆ ಸಾಕಲ್ಲ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕಲ್ಲು ಕಸುವನ್ನು ತೋರಿಸುತ್ತದೆ. ರಕ್ತದಲ್ಲಿ ಏರುತ್ತಿರುವ ಸಕ್ಕರೆಯನ್ನು ತೋರಿಸದು. ಮೇಲ್ನೋಟಕ್ಕೆ ತೆಳ್ಳಗಿರುವವನೂ ಸುರಕ್ಷಿತನಲ್ಲ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ಮೈಯನ್ನೇ ಸಾಕ್ಷಿಯಾಗಿಟ್ಟರು: ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3, ಕೊಬ್ಬು ಮಾತ್ರ ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟುವಾಗ ಸರಾಸರಿ 2.7 ಕಿಲೊ ತೂಗುವ ಸಣ್ಣ ಕೂಸುಗಳಲ್ಲೂ ಮಾಂಸ ಕಡಿಮೆಯಾಗಿ ಕೊಬ್ಬು ಉಳಿದುಕೊಂಡದ್ದನ್ನು ಯಾಜ್ಞಿಕರ ತಂಡವೇ ಕಂಡಿತ್ತು. ಪುಣೆಯೂ ಧಾರವಾಡವೂ ಒಂದೇ ದಖ್ಖನಿನ ಮಳೆನೆರಳಿನ ನೆಲ. 1876–78ರ ಬರ ಎರಡು ಕಡೆಯೂ ಜನರನ್ನು ನುಂಗಿತು. ಇಂಥ ಸೀಮೆಯ ರೈತ ಜೋಳವನ್ನು ಹಗೇವಿನಲ್ಲಿ ಮುಚ್ಚಿಟ್ಟಂತೆ ಇಲ್ಲಿಯ ಮೈ ಕೊಬ್ಬನ್ನು ಹೊಟ್ಟೆಯೊಳಗೆ ಕೂಡಿಡುತ್ತದೆ ಎಂದರೆ ತಪ್ಪಾಗದು. ಉಪವಾಸದ ದಿನಗಳು ಕಡಿಮೆಯಾಗಿ, ಎತ್ತಿನ ಬೇಸಾಯ ಟ್ರ್ಯಾಕ್ಟರಿಗೆ ದಾರಿಬಿಟ್ಟಮೇಲೆ ಆ ಕೂಡಿಟ್ಟದ್ದು ಖರ್ಚಾಗುತ್ತಿಲ್ಲ. ಹಾಗಾಗಿ ಕೊಬ್ಬನ್ನು ಲೆಕ್ಕಿಸುವುದು ಪಟ್ಟಣದವರ ಶೋಕಿಯಲ್ಲ; ಕಲಘಟಗಿಯ ಭತ್ತದ ರೈತನಿಗೂ ಅಣ್ಣಿಗೇರಿಯ ಹಮಾಲನಿಗೂ ಅದು ಬೇಕು.

ಅಂದಾಜಾದರೂ ಯಂತ್ರ ಉಪಯೋಗಕ್ಕೆ ಬರುತ್ತದೆ, ಒಂದು ದಿನದ ಅಂಕಿಯನ್ನು ನಂಬದಿದ್ದರೆ. ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಏನೂ ಉಣ್ಣುವ ಮೊದಲು, ಪಾದ ತೊಳೆದು ಒರೆಸಿಕೊಂಡು, ದಿನವೂ ಅದೇ ಯಂತ್ರದ ಮೇಲೆ ನಿಂತರೆ ಅದರ ತಪ್ಪೂ ಸುಮಾರಾಗಿ ಒಂದೇ ತೆರನಾಗಿರುತ್ತದೆ. ತಿಂಗಳುಗಟ್ಟಲೆ ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಆಗ ನಂಬಬಹುದು. ನೆರೆಮನೆಯವನ ಯಂತ್ರದ ಅಂಕಿಯೊಡನೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಹೊಟ್ಟೆಯ ಸುದ್ದಿ ಹೇಳಲು ದರ್ಜಿಯ ಟೇಪೇ ಹೆಚ್ಚು ಯೋಗ್ಯ. 30 ದಾಟಿದವರ ಬಗ್ಗೆ ಆಶಾ ಕಾರ್ಯಕರ್ತೆಯರು ತುಂಬುವ ತಪಾಸಣೆ ನಮೂನೆಯಲ್ಲಿ ಗಂಡಸಿನ ಸೊಂಟದ ಸುತ್ತಳತೆಗೇ ಒಂದು ಸಾಲಿದೆ: 90 ಸೆಂ.ಮೀ. ಒಳಗಿದ್ದರೆ ಸೊನ್ನೆ, 91ರಿಂದ 100ಕ್ಕೆ ಒಂದು ಅಂಕ, ಅದನ್ನೂ ಮೀರಿದರೆ ಎರಡು. ತಂಬಾಕು, ಮದ್ಯ, ವ್ಯಾಯಾಮ, ಮನೆತನದ ಕಾಯಿಲೆಗಳನ್ನೂ ಕೂಡಿಸಿ ಮೊತ್ತ ನಾಲ್ಕು ದಾಟಿದರೆ ರಕ್ತದೊತ್ತಡ, ಸಕ್ಕರೆ ಪರೀಕ್ಷೆಗೆ ಆ ಗಂಡಸನ್ನು ಮೊದಲು ಕಳಿಸಬೇಕು. ಮನೆಯ ತಕ್ಕಡಿ ಎಷ್ಟೇ ಒಳ್ಳೆಯ ಅಂಕಿ ತೋರಿಸಿದ್ದರೂ ಈ ಪರೀಕ್ಷೆಯನ್ನು ತಪ್ಪಿಸಬಾರದು.