ಸ್ವಯಂಚಾಲಿತ ಟರ್ನ್‌ಟೇಬಲ್

ಸ್ವಯಂಚಾಲಿತ ಟರ್ನ್‌ಟೇಬಲ್ ಎಂದರೆ ಗುಂಡಿಯೊಂದನ್ನು ಒತ್ತಿದೊಡನೆ ಸೂಜಿಯಿರುವ ತೋಳನ್ನು ತಾನಾಗಿಯೇ ಎತ್ತಿ ರೆಕಾರ್ಡಿನ ಅಂಚಿಗೆ ಒಯ್ದು ಇಳಿಸುವ, ಒಂದು ಬದಿ ಮುಗಿದ ಮೇಲೆ ತೋಳನ್ನು ಸ್ವಸ್ಥಾನಕ್ಕೆ ಮರಳಿಸಿ ಮೋಟಾರನ್ನು ನಿಲ್ಲಿಸುವ ರೆಕಾರ್ಡ್ ಪ್ಲೇಯರ್. ಸೂಜಿಯನ್ನು ಕೈಯಿಂದ ಇಳಿಸುವಾಗ ಉಂಟಾಗುವ ಗೀರುಗಳನ್ನು ತಪ್ಪಿಸುವುದು ಇದರ ಮುಖ್ಯ ಪ್ರಯೋಜನ. ರೆಕಾರ್ಡಿನ ಮೇಲೆ ಒಮ್ಮೆ ಬಿದ್ದ ಗೀರನ್ನು ಸರಿಪಡಿಸಲಾಗದು. ಮರುಮುದ್ರಣ ಕಾಣದ ರೆಕಾರ್ಡಾದರೆ ಆ ಭಾಗದ ಧ್ವನಿ ಶಾಶ್ವತವಾಗಿ ನಷ್ಟವಾದಂತೆಯೇ. ಆದ್ದರಿಂದ ಯಂತ್ರದ ಆಯ್ಕೆಗೂ ಸಂಗ್ರಹದ ಸಂರಕ್ಷಣೆಗೂ ನೇರ ಸಂಬಂಧವಿದೆ.

ಇತಿಹಾಸ

ಚಪ್ಪಟೆಯಾದ ತಟ್ಟೆಯ ಮೇಲೆ ಧ್ವನಿಯನ್ನು ದಾಖಲಿಸುವ ಗ್ರಾಮಫೋನಿಗೆ ಎಮಿಲ್ ಬರ್ಲಿನರ್ 1887ರಲ್ಲಿ ಪೇಟೆಂಟ್ ಪಡೆದರು. ಅರಗು ಬೆರೆಸಿ ತಯಾರಿಸುತ್ತಿದ್ದ, ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಾಲದ ರೆಕಾರ್ಡುಗಳ ಒಂದು ಬದಿ ಮೂರರಿಂದ ಐದು ನಿಮಿಷಗಳಲ್ಲಿ ಮುಗಿಯುತ್ತಿತ್ತು. ದೀರ್ಘ ಕೃತಿಯೊಂದನ್ನು ಕೇಳಲು ಮತ್ತೆ ಮತ್ತೆ ಎದ್ದು ತಟ್ಟೆ ಬದಲಿಸಬೇಕಾಗಿತ್ತು. ಈ ತೊಂದರೆಯ ಪರಿಹಾರವಾಗಿ ಹಲವು ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿ, ಒಂದೊಂದಾಗಿ ಕೆಳಗೆ ಬೀಳಿಸಿ ನುಡಿಸುವ ‘ರೆಕಾರ್ಡ್ ಚೇಂಜರ್’ ಯಂತ್ರಗಳು ಬಳಕೆಗೆ ಬಂದವು. ಇಂಗ್ಲೆಂಡಿನ ಗ್ಯಾರಾರ್ಡ್ ಮತ್ತು ಬಿಎಸ್‌ಆರ್ ಹಾಗೂ ಜರ್ಮನಿಯ ಡುಯಲ್ ಸಂಸ್ಥೆಗಳು ಇವುಗಳ ತಯಾರಿಕೆಗೆ ಹೆಸರಾದವು. ಸ್ಪ್ರಿಂಗ್ ಮತ್ತು ವಿದ್ಯುತ್ ಎರಡರಿಂದಲೂ ನಡೆಯುತ್ತಿದ್ದ ಮೋಟಾರಿನಿಂದಾಗಿ ‘ಡುಯಲ್’ ಎಂಬ ಹೆಸರು ಬಂದಿತು.

ಕೊಲಂಬಿಯಾ ಸಂಸ್ಥೆ 1948ರಲ್ಲಿ ನಿಮಿಷಕ್ಕೆ 33⅓ ಸುತ್ತು ತಿರುಗುವ ವಿನೈಲ್ ಎಲ್‌ಪಿಯನ್ನೂ, ಆರ್‌ಸಿಎ ವಿಕ್ಟರ್ 1949ರಲ್ಲಿ 45 ಸುತ್ತಿನ 7 ಅಂಗುಲದ ರೆಕಾರ್ಡನ್ನೂ ಹೊರತಂದವು. ಎಲ್‌ಪಿಯ ಒಂದು ಬದಿ ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಕಾಲ ನುಡಿಯುತ್ತಿದ್ದುದರಿಂದ ಚೇಂಜರಿನ ಅಗತ್ಯ ಕ್ರಮೇಣ ಕುಗ್ಗಿತು. ಒಂದೇ ರೆಕಾರ್ಡನ್ನು ನುಡಿಸಿ ತಾನಾಗಿ ನಿಲ್ಲುವ ಯಂತ್ರಗಳು 1970ರ ದಶಕದಲ್ಲಿ ಜನಪ್ರಿಯವಾದವು. 1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಬಂದ ಮೇಲೆ ಇಡೀ ಉದ್ಯಮ ಇಳಿಮುಖವಾಯಿತಾದರೂ ಕಳೆದ ಎರಡು ದಶಕಗಳಲ್ಲಿ ವಿನೈಲ್ ಚೇತರಿಸಿಕೊಂಡಿದೆ. ಅಮೆರಿಕದಲ್ಲಿ 2022ರಲ್ಲಿ, 1987ರ ನಂತರ ಮೊದಲ ಬಾರಿಗೆ, ಸಿಡಿಗಳಿಗಿಂತ ಹೆಚ್ಚು ಸಂಖ್ಯೆಯ ವಿನೈಲ್ ರೆಕಾರ್ಡುಗಳು ಮಾರಾಟವಾದವು.

ಪ್ರಕಾರಗಳು

* ಪೂರ್ಣ ಸ್ವಯಂಚಾಲಿತ: ತೋಳನ್ನು ಇಳಿಸುವುದು, ಎತ್ತುವುದು, ಮರಳಿಸುವುದು, ನಿಲ್ಲಿಸುವುದು ಎಲ್ಲವನ್ನೂ ಯಂತ್ರವೇ ಮಾಡುತ್ತದೆ.
* ಅರೆ ಸ್ವಯಂಚಾಲಿತ: ಆರಂಭದಲ್ಲಿ ತೋಳನ್ನು ಕೈಯಿಂದ ಇಡಬೇಕು. ಕೊನೆಯಲ್ಲಿ ತೋಳು ತಾನಾಗಿ ಮೇಲೇಳುತ್ತದೆ ಅಥವಾ ಮರಳುತ್ತದೆ, ಮೋಟಾರು ನಿಲ್ಲುತ್ತದೆ.
* ಕೈಚಾಲಿತ: ಎಲ್ಲ ಕೆಲಸವೂ ಕೇಳುಗನದೇ. ಬದಿ ಮುಗಿದ ಮೇಲೂ ಯಾರಾದರೂ ಎತ್ತುವವರೆಗೆ ಸೂಜಿ ಕೊನೆಯ ಗೆರೆಯಲ್ಲಿ ಸುತ್ತುತ್ತಲೇ ಇರುತ್ತದೆ.

ಕಾರ್ಯವಿಧಾನ

ಸಾಂಪ್ರದಾಯಿಕ ಸ್ವಯಂಚಾಲಿತ ಯಂತ್ರಕ್ಕೆ ಗಣಕ ಬೇಕಿಲ್ಲ. ಹಲ್ಲುಗಾಲಿ ಮತ್ತು ಸನ್ನೆಗಳೇ ಸಾಕು. ಎಲ್‌ಪಿ ನುಡಿಯುತ್ತಿರುವಾಗ ತೋಳು ಸುತ್ತೊಂದಕ್ಕೆ ಸುಮಾರು 0.1 ಮಿ.ಮೀ. ಮಾತ್ರ ಒಳಕ್ಕೆ ಸರಿಯುತ್ತದೆ. ತೋಳಿನೊಂದಿಗೆ ಜೋಡಿಸಿದ ಪುಟ್ಟ ಸನ್ನೆಯೊಂದು ಈ ಚಲನೆಯಿಂದ ತುಸುವೇ ಮುಂದೆ ಬಂದರೂ, ತಿರುಗುತ್ತಿರುವ ತಟ್ಟೆಯ ಕೆಳಗಿನ ಉಬ್ಬು ಅದನ್ನು ಪ್ರತಿ ಸುತ್ತಿನಲ್ಲೂ ಹಿಂದಕ್ಕೆ ತಳ್ಳಿಬಿಡುತ್ತದೆ. ಹಾಡುಗಳು ಮುಗಿದ ನಂತರದ ಗೆರೆಗಳು ದೂರ ದೂರವಾಗಿರುವುದರಿಂದ ತೋಳು ಥಟ್ಟನೆ ಒಳಕ್ಕೆ ಧಾವಿಸುತ್ತದೆ. ಆಗ ಸನ್ನೆಯು ಹೆಚ್ಚು ಮುಂದೆ ಬಂದು ಉಬ್ಬಿಗೆ ಸಿಕ್ಕಿಕೊಳ್ಳುತ್ತದೆ. ದೊಡ್ಡ ಹಲ್ಲುಗಾಲಿಯೊಂದು ತಟ್ಟೆಯ ಹಲ್ಲುಗಳಿಗೆ ಕೂಡಿಕೊಂಡು ಒಂದು ಸುತ್ತು ತಿರುಗುತ್ತದೆ. ಆ ಒಂದು ಸುತ್ತಿನಲ್ಲಿಯೇ ತೋಳು ಮೇಲೆದ್ದು, ಹಿಂದೆ ಸರಿದು, ಆಸರೆಯ ಮೇಲೆ ಕುಳಿತು, ಮೋಟಾರು ನಿಲ್ಲುತ್ತದೆ.

ಈ ಸನ್ನೆಯನ್ನು ತಳ್ಳುವ ಹೊರೆ ಸೂಜಿಯ ಮೇಲೆ ಅಲ್ಪ ಪ್ರಮಾಣದಲ್ಲಿ ಬೀಳುತ್ತದೆ. ಸ್ವಯಂಚಾಲಿತ ಯಂತ್ರಗಳನ್ನು ಕೆಲವು ಸಂಗೀತಾಸಕ್ತರು ಒಲ್ಲದಿರುವುದಕ್ಕೆ ಇದು ಒಂದು ಕಾರಣ. ಉತ್ತಮವಾಗಿ ತಯಾರಿಸಿದ, ಸರಿಯಾಗಿ ಎಣ್ಣೆ ಹಾಕಿದ ಯಂತ್ರದಲ್ಲಿ ಈ ಹೊರೆ ನಗಣ್ಯ; ಜಿಡ್ಡು ಒಣಗಿ ಬಿಗಿಯಾದ ಹಳೆಯ ಯಂತ್ರದಲ್ಲಿ ಅದು ಗಣನೀಯ.

ಆಯ್ಕೆಯ ಮಾನದಂಡಗಳು

ಸಂಗ್ರಹದಲ್ಲಿರುವ ರೆಕಾರ್ಡುಗಳು

ಇಂದು ಮಾರಾಟವಾಗುವ ಅನೇಕ ಸ್ವಯಂಚಾಲಿತ ಯಂತ್ರಗಳು 33⅓ ಮತ್ತು 45 ಸುತ್ತಿನ ವೇಗಗಳನ್ನು ಮಾತ್ರ ಕೊಡುತ್ತವೆ. 78 ಸುತ್ತಿನ ರೆಕಾರ್ಡುಗಳಿಗೆ ವೇಗದ ಜೊತೆಗೆ ಬೇರೆ ಸೂಜಿಯೂ ಬೇಕು. ಎಲ್‌ಪಿ ಸೂಜಿಯ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್ ಆದರೆ 78ರ ಸೂಜಿಯದು ಸುಮಾರು 75 ಮೈಕ್ರಾನ್. ಎಲ್‌ಪಿ ಸೂಜಿಯು 78ರ ಅಗಲವಾದ ಗೆರೆಯ ತಳದಲ್ಲಿ ಅಲುಗಾಡುತ್ತ ಕರಕರ ಸದ್ದನ್ನೇ ಹೆಚ್ಚಾಗಿ ಹೊರಡಿಸುತ್ತದೆ. 78ರ ಸೂಜಿಯು ಎಲ್‌ಪಿಯ ಗೆರೆಯನ್ನು ಕೆಡಿಸುತ್ತದೆ. ಕೆಲವು ಯಂತ್ರಗಳಲ್ಲಿ 7 ಮತ್ತು 12 ಅಂಗುಲಗಳ ಗಾತ್ರಗಳಿಗೆ ಮಾತ್ರ ಆಯ್ಕೆಯ ಕೀಲಿ ಇರುತ್ತದೆ. ಇವುಗಳಲ್ಲಿ 10 ಅಂಗುಲದ ರೆಕಾರ್ಡನ್ನು ನುಡಿಸುವಾಗ ತೋಳನ್ನು ಸರಿಯಾದ ಸ್ಥಳಕ್ಕೆ ಕೈಯಿಂದಲೇ ಒಯ್ದು ಇಳಿಸಬೇಕಾಗುತ್ತದೆ.

ಕಾರ್ಟ್ರಿಜ್ ಮತ್ತು ಸೂಜಿ

ಸೂಜಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಭಾಗವೇ ಕಾರ್ಟ್ರಿಜ್. ಚಲಿಸುವ ಅಯಸ್ಕಾಂತದ ಕಾರ್ಟ್ರಿಜ್ ಸಾಮಾನ್ಯವಾಗಿ 1.5ರಿಂದ 3.5 ಗ್ರಾಂ ಭಾರದಲ್ಲಿ ಕೆಲಸ ಮಾಡುತ್ತದೆ. ಅಗ್ಗದ ಪೆಟ್ಟಿಗೆ ಪ್ಲೇಯರುಗಳಲ್ಲಿರುವ ಸೆರಾಮಿಕ್ ಕಾರ್ಟ್ರಿಜ್‌ಗಳು ಇದಕ್ಕಿಂತ ಹೆಚ್ಚಿನ ಭಾರವನ್ನು ಬೇಡುತ್ತವೆ; ರೆಕಾರ್ಡಿನ ಸವೆತವೂ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ಆಡಿಯೊ-ಟೆಕ್ನಿಕಾ ಎಟಿ-ಎಲ್‌ಪಿ60ರಂತಹ ಆರಂಭಿಕ ಹಂತದ ಸ್ವಯಂಚಾಲಿತ ಯಂತ್ರದಲ್ಲಿ ಸೂಜಿಯನ್ನು ಬದಲಿಸಬಹುದಾದರೂ ಕಾರ್ಟ್ರಿಜನ್ನು ಬದಲಿಸಲು ಅಥವಾ ಭಾರವನ್ನು ಹೊಂದಿಸಲು ಅವಕಾಶವಿಲ್ಲ. ಹೊಂದಾಣಿಕೆಯ ಗೊಡವೆ ಬೇಡವೆನ್ನುವವರಿಗೆ ಇದು ಗುಣ. ಮುಂದೆ ಉತ್ತಮ ಕಾರ್ಟ್ರಿಜ್ ಹಾಕಬೇಕೆನ್ನುವವರಿಗೆ ಕೊರತೆ. ಅಂಥವರು ತೋಳಿನ ಹಿಂಬದಿಯಲ್ಲಿ ತೂಕದ ಬಟ್ಟು ಇರುವ, ಕಾರ್ಟ್ರಿಜ್ ಬದಲಿಸಬಹುದಾದ ಯಂತ್ರವನ್ನು ಆರಿಸಿಕೊಳ್ಳುವುದು ಸೂಕ್ತ.

ಪ್ರಿಆಂಪ್ಲಿಫೈಯರ್

ಚಲಿಸುವ ಅಯಸ್ಕಾಂತದ ಕಾರ್ಟ್ರಿಜ್ ಹೊರಡಿಸುವ ವಿದ್ಯುತ್ ಕೆಲವೇ ಮಿಲಿವೋಲ್ಟ್‌ಗಳಷ್ಟು. ರೆಕಾರ್ಡ್ ಕತ್ತರಿಸುವಾಗ ಮಂದ್ರ ಸ್ವರಗಳನ್ನು ತಗ್ಗಿಸಿ ತಾರ ಸ್ವರಗಳನ್ನು ಏರಿಸಿರುತ್ತಾರೆ. 1954ರಿಂದ ಇದಕ್ಕೆ ಆರ್‌ಐಎಎ ಮಾನಕ ಜಾರಿಯಲ್ಲಿದೆ. ಈ ಏರಿಳಿತವನ್ನು ಸರಿದೂಗಿಸಿ ಸಂಕೇತವನ್ನು ಹಿಗ್ಗಿಸುವುದು ಫೋನೊ ಪ್ರಿಆಂಪ್ಲಿಫೈಯರಿನ ಕೆಲಸ. ಮನೆಯ ಆಂಪ್ಲಿಫೈಯರಿನಲ್ಲಿ ‘ಫೋನೊ’ ಎಂಬ ಪ್ರವೇಶವಿಲ್ಲದಿದ್ದರೆ ಪ್ರಿಆಂಪ್ ಒಳಗೊಂಡ ಟರ್ನ್‌ಟೇಬಲ್ ಬೇಕು, ಇಲ್ಲವೇ ಅದನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಎರಡೂ ಕಡೆ ಪ್ರಿಆಂಪ್ ಇದ್ದು ಎರಡನ್ನೂ ಬಳಸಿದರೆ ಧ್ವನಿ ಒಡೆದು ಕೇಳಿಸುತ್ತದೆ.

ವಿದ್ಯುತ್ ಮತ್ತು ವೇಗ

ವಿದೇಶದಿಂದ ತಂದ ಹಳೆಯ ಯಂತ್ರಗಳಲ್ಲಿ ಈ ಅಂಶ ಮುಖ್ಯ. ಭಾರತದ ಮನೆಗಳಲ್ಲಿರುವುದು 230 ವೋಲ್ಟ್, 50 ಹರ್ಟ್ಸ್ ವಿದ್ಯುತ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜನ್ನು ಇಳಿಸಬಹುದೇ ಹೊರತು ಆವರ್ತನವನ್ನು ಬದಲಿಸಲಾಗದು. ಅಮೆರಿಕದ ಹಳೆಯ ಸಿಂಕ್ರೊನಸ್ ಮೋಟಾರು ಇಲ್ಲಿ 33⅓ರ ಬದಲು ಸುಮಾರು 27.8 ಸುತ್ತು ತಿರುಗಿ, ಸಂಗೀತದ ಶ್ರುತಿಯೂ ಲಯವೂ ಇಳಿಯುತ್ತವೆ. ಅನೇಕ ಯಂತ್ರಗಳಲ್ಲಿ 50 ಹರ್ಟ್ಸಿಗೆ ಹೊಂದುವ ರಾಟೆಯನ್ನು ಬದಲಿಸಿ ಇದನ್ನು ಸರಿಪಡಿಸಬಹುದು. ಅಡಾಪ್ಟರಿನಿಂದ ನಡೆಯುವ ಇಂದಿನ ಡಿ.ಸಿ. ಮೋಟಾರಿನ ಯಂತ್ರಗಳಿಗೆ ಈ ತೊಡಕಿಲ್ಲ.

ಹಳೆಯ ಯಂತ್ರಗಳನ್ನು ಕೊಳ್ಳುವಾಗ

ಹಳೆಯ ಯಂತ್ರಗಳ ಸ್ವಯಂಚಾಲನೆ ಕೆಟ್ಟಿರುವುದು ಸಾಮಾನ್ಯ. ಹೆಚ್ಚಿನ ಸಂದರ್ಭಗಳಲ್ಲಿ ಗ್ರೀಸ್ ಗಟ್ಟಿಯಾಗಿರುವುದು, ಬೆಲ್ಟ್ ಸಡಿಲವಾಗಿರುವುದು ಅಥವಾ ಸಣ್ಣ ರಬ್ಬರಿನ ಭಾಗವೊಂದು ಶಿಥಿಲವಾಗಿರುವುದು ಇದಕ್ಕೆ ಕಾರಣ. ಡುಯಲ್ ಯಂತ್ರಗಳಲ್ಲಿ ತೋಳಿನ ಚಲನೆಯನ್ನು ನಿಯಂತ್ರಿಸುವ ಪುಟ್ಟ ತುದಿಯೊಂದು ಹೀಗೆ ಸವೆಯುತ್ತದೆಂಬುದು ದುರಸ್ತಿಗಾರರಿಗೆ ಚಿರಪರಿಚಿತ. ಕೊಳ್ಳುವ ಮುನ್ನ ಒಂದು ಬದಿಯ ಕೊನೆಯ ಹಾಡನ್ನು ಪೂರ್ತಿ ನುಡಿಸಿ, ತೋಳು ಮರಳುವುದನ್ನು ಕಣ್ಣಾರೆ ಕಾಣಬೇಕು. ಯಂತ್ರ ತನ್ನ ಸುತ್ತನ್ನು ಪೂರೈಸುತ್ತಿರುವಾಗ ತೋಳನ್ನು ಕೈಯಿಂದ ತಡೆಯಬಾರದು. ಒಳಗಿನ ಸನ್ನೆಗಳು ಮುರಿಯುವುದು ಬಹುಮಟ್ಟಿಗೆ ಹೀಗೆಯೇ.

ನಿರ್ವಹಣೆ

ಯಂತ್ರವನ್ನು ಅಲುಗದ, ಸಮತಟ್ಟಾದ ಸ್ಥಳದಲ್ಲಿ, ಧ್ವನಿವರ್ಧಕಗಳಿಂದ ದೂರವಿಡಬೇಕು. ನುಡಿಸುವ ಮೊದಲು ರೆಕಾರ್ಡಿನ ಧೂಳನ್ನು ಮೃದುವಾದ ಬ್ರಷ್‌ನಿಂದ ತೆಗೆಯಬೇಕು. ಸೂಜಿಯನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಬೇಕು. ವಜ್ರದ ಸೂಜಿಯ ಆಯುಷ್ಯವನ್ನು ಸಾಮಾನ್ಯವಾಗಿ 500ರಿಂದ 1000 ಗಂಟೆಗಳೆಂದು ಅಂದಾಜಿಸಲಾಗುತ್ತದೆ. ಮಲೆನಾಡು ಮತ್ತು ಕರಾವಳಿಯಂತಹ ತೇವಾಂಶದ ಪ್ರದೇಶಗಳಲ್ಲಿ ರೆಕಾರ್ಡುಗಳಿಗೂ ಹೊದಿಕೆಗಳಿಗೂ ಬೂಷ್ಟು ಹಿಡಿಯದಂತೆ ನೋಡಿಕೊಳ್ಳಬೇಕು. ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸದೆ, ಬಿಸಿಲು ತಾಗದಲ್ಲಿ ನೇರವಾಗಿ ನಿಲ್ಲಿಸಿಡುವುದು ಕ್ರಮ.

ಭಾರತ ಮತ್ತು ಕರ್ನಾಟಕದ ಸಂದರ್ಭ

ಭಾರತದಲ್ಲಿ ರೆಕಾರ್ಡಿನ ಯುಗ 1902ರಲ್ಲಿ ಕೋಲ್ಕತ್ತದಲ್ಲಿ ಫ್ರೆಡ್ ಗೈಸ್‌ಬರ್ಗ್ ನಡೆಸಿದ ಧ್ವನಿಮುದ್ರಣಗಳೊಂದಿಗೆ ಆರಂಭವಾಯಿತು. ಆಗ ಹಾಡಿದವರಲ್ಲಿ ಪ್ರಮುಖರಾದ ಗೌಹರ್ ಜಾನ್ ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಆಸ್ಥಾನ ಗಾಯಕಿಯಾಗಿ, 1930ರಲ್ಲಿ ಅಲ್ಲಿಯೇ ನಿಧನರಾದರು. ಆ ತಲೆಮಾರಿನವರ ಸಂಗೀತವೆಲ್ಲ 78 ಸುತ್ತಿನ ರೆಕಾರ್ಡುಗಳಲ್ಲಿದೆ. ಹಿರಿಯರಿಂದ ಬಂದ ಸಂಗ್ರಹದಲ್ಲಿ ಇಂತಹ ರೆಕಾರ್ಡುಗಳೂ ಎಲ್‌ಪಿಗಳೂ ಬೆರೆತಿದ್ದರೆ, ಎಲ್‌ಪಿಗಳಿಗೆ ಸ್ವಯಂಚಾಲಿತ ಯಂತ್ರವನ್ನೂ 78ರ ರೆಕಾರ್ಡುಗಳಿಗೆ ತಕ್ಕ ಸೂಜಿಯುಳ್ಳ ಕೈಚಾಲಿತ ಯಂತ್ರವನ್ನೂ ಬಳಸುವುದು ಸುರಕ್ಷಿತ. ಅಪರೂಪದ ರೆಕಾರ್ಡನ್ನು ಒಮ್ಮೆ ಚೆನ್ನಾಗಿ ನುಡಿಸಿ ಡಿಜಿಟಲ್ ಪ್ರತಿ ಮಾಡಿಕೊಂಡರೆ ಮೂಲದ ಸವೆತ ತಪ್ಪುತ್ತದೆ.

ಇವನ್ನೂ ನೋಡಿ

* ಗ್ರಾಮಫೋನ್
* ಧ್ವನಿವರ್ಧಕ
* ಗೌಹರ್ ಜಾನ್