‘ಮೆರಿಟ್’ ಅಂದ್ರೆ ಏನು? 1918ರಲ್ಲೇ ಮೈಸೂರು ಕೇಳಿದ ಪ್ರಶ್ನೆ

ಆಫೀಸಲ್ಲಿ ಎಚ್‌ಆರ್‌ನವರು ‘ಡೈವರ್ಸಿಟಿ’ ಅಂತ ಪಿಪಿಟಿ ಹಾಕಿದ್ರೆ, ಇದು ಹೊರದೇಶದಿಂದ ಬಂದ ಹೊಸ ಫ್ಯಾಷನ್ ಅನ್ಕೋತೀವಿ ಅಲ್ವಾ? ಈ ಜಗಳ ನಮ್ಮ ಮೈಸೂರಲ್ಲಿ ನೂರು ವರ್ಷದ ಹಿಂದೆಯೇ ನಡೆದಿದೆ.

ಆಗ ಮೈಸೂರು ಸಂಸ್ಥಾನದ ಸರ್ಕಾರಿ ಕಚೇರಿಗಳಲ್ಲಿ, ಅದರಲ್ಲೂ ದೊಡ್ಡ ಹುದ್ದೆಗಳಲ್ಲಿ, ಬ್ರಾಹ್ಮಣರೇ ಹೆಚ್ಚು. ಇಂಗ್ಲಿಷ್ ಶಿಕ್ಷಣ ಅವರಿಗೆ ಮೊದಲು ಸಿಕ್ಕಿತ್ತು, ನೌಕರಿಗೆ ಅದೇ ಬಾಗಿಲು. ಉಳಿದವರು ಕಂದಾಯ ಕಟ್ಟೋರು, ಅರ್ಜಿ ಹಿಡ್ಕೊಂಡು ಕಾಯೋರು. ಮೇಜಿನ ಆಚೆ ಕೂತು ತೀರ್ಮಾನ ಮಾಡೋ ಜಾಗದಲ್ಲಿ ಮಾತ್ರ ಅವರಲ್ಲಿ ಕೆಲವರೇ ಇದ್ರು.

1917ರಲ್ಲಿ ಬ್ರಾಹ್ಮಣೇತರ ಮುಖಂಡರು ಪ್ರಜಾಮಿತ್ರ ಮಂಡಳಿ ಕಟ್ಟಿದ್ರು. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಮುಂದೆ ಬೇಡಿಕೆ ಇಟ್ರು. ಮಹಾರಾಜರು ಚೀಫ್ ಕೋರ್ಟ್‌ನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದ್ರು. ದಿವಾನ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆ ಇರಲಿಲ್ಲ. ಮೊದಲು ಎಲ್ಲರಿಗೂ ಶಿಕ್ಷಣ ಕೊಡೋಣ, ಅರ್ಹತೆ ಬಿಟ್ಟು ಹುದ್ದೆ ಹಂಚಿದ್ರೆ ಆಡಳಿತದ ದಕ್ಷತೆ ಕುಸಿಯುತ್ತೆ ಅನ್ನೋದು ಅವರ ವಾದ. ಅದೇ ವರ್ಷ ಅವರು ದಿವಾನಗಿರಿ ಬಿಟ್ರು.

1919ರ ಮಿಲ್ಲರ್ ವರದಿ ಈ ‘ದಕ್ಷತೆ’ ಅನ್ನೋ ಪದವನ್ನೇ ಹಿಡಿದು ಉತ್ತರ ಕೊಡ್ತು. ದಕ್ಷತೆಯನ್ನ ಪರೀಕ್ಷೆಯ ಅಂಕಗಳಿಂದಷ್ಟೇ ಅಳೆಯೋಕಾಗಲ್ಲ. ಒಳ್ಳೆ ಅಧಿಕಾರಿಗೆ ಸಹಾನುಭೂತಿ, ಪ್ರಾಮಾಣಿಕತೆ, ಹುರುಪು, ವ್ಯವಹಾರಜ್ಞಾನವೂ ಅಷ್ಟೇ ಮುಖ್ಯ ಅಂದಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು, ಅವರಲ್ಲೂ ಶೋಷಿತ ವರ್ಗದವರಿಗೆ ಆದ್ಯತೆ ಇರಬೇಕು ಅಂತ ಶಿಫಾರಸು ಮಾಡ್ತು. 1921ರಲ್ಲಿ ಸರ್ಕಾರಿ ಆದೇಶವೂ ಬಂತು.

ಎಲ್ಲ ಸರಿಹೋಯ್ತಾ? ಇಲ್ಲ. ಬ್ರಾಹ್ಮಣೇತರರಲ್ಲೇ ಭೂಮಿ, ಸಂಖ್ಯೆ, ಓದು ಇದ್ದ ಸಮುದಾಯಗಳು ಮುಂದೆ ಹೋದ್ವು, ಸಣ್ಣ ಜಾತಿಗಳು ಹಿಂದೇನೇ ಉಳಿದ್ವು. ಅದಕ್ಕೇ 1972ರಲ್ಲಿ ದೇವರಾಜ ಅರಸು ಸರ್ಕಾರ ಹಾವನೂರು ಆಯೋಗ ನೇಮಿಸಬೇಕಾಯ್ತು. ಅಂದ್ರೆ ಒಂದು ಸಲ ಬಾಗಿಲು ತೆಗೆದ್ರೆ ಸಾಲದು. ಒಳಗೆ ಯಾರು ಬಂದ್ರು, ಯಾರು ಹೊಸ್ತಿಲಲ್ಲೇ ನಿಂತ್ರು ಅಂತ ಮತ್ತೆ ಮತ್ತೆ ಎಣಿಸಬೇಕು.

ವಾದ ಇನ್ನೂ ಮುಗಿದಿಲ್ಲ. 2019ರಲ್ಲಿ ಕರ್ನಾಟಕದ ಬಡ್ತಿ ಮೀಸಲಾತಿ ಕೇಸಲ್ಲಿ, ಬಿ.ಕೆ. ಪವಿತ್ರ ಪ್ರಕರಣದ ತೀರ್ಪಲ್ಲಿ, ಸುಪ್ರೀಂ ಕೋರ್ಟ್ ಕೂಡ ಮೆರಿಟ್‌ನ್ನ ಪರೀಕ್ಷೆಯ ಅಂಕಕ್ಕೆ ಸೀಮಿತ ಮಾಡಬಾರದು ಅಂತ ಹೇಳ್ತು.

ಲೆಕ್ಕಪತ್ರ ಓದಿದವನಾಗಿ ನನಗೆ ಅನ್ಸೋದು ಇಷ್ಟೇ: ಬರೀ ಮಾರ್ಕ್ಸ್ ಕಾರ್ಡ್ ನೋಡಿ ಮನುಷ್ಯನನ್ನ ಅಳೆಯೋದು, ಕೈಲಿರೋ ನಗದು ಮಾತ್ರ ನೋಡಿ ಅಂಗಡಿಯ ಬೆಲೆ ಕಟ್ಟಿದ ಹಾಗೆ. ಗೋಡೌನ್‌ನಲ್ಲಿರೋ ಸರಕು ಲೆಕ್ಕಕ್ಕೇ ಬಂದಿಲ್ಲ. ನಿಮ್ಮ ಕಂಪನಿ ಇಂಟರ್‌ವ್ಯೂನಲ್ಲಿ ಏನನ್ನ ಎಣಿಸ್ತಿದೆ, ಏನನ್ನ ಬಿಡ್ತಿದೆ? ಯೋಚನೆ ಮಾಡಿ. ಮುಂದಿನ ಎಪಿಸೋಡಲ್ಲಿ ಸಿಗೋಣ.