ಶೈತ್ಯಾಗಾರದೊಳಗಿನ ಉಷ್ಣತೆ

ಮುಂಬೈನ ಘಾಟ್ಕೋಪರ್‌ನ ತಳ್ಳುಗಾಡಿಯಲ್ಲಿ ಮಾರ್ಚ್ ತಿಂಗಳಲ್ಲಿ ಸಿಗುವ ಕಾಶ್ಮೀರಿ ಸೇಬು ಮರದಿಂದ ಇಳಿದದ್ದು ಹಿಂದಿನ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ನಡುವಿನ ತಿಂಗಳುಗಳನ್ನು ಅದು ಕಳೆದದ್ದು ಶೈತ್ಯಾಗಾರದಲ್ಲಿ. ಮುಂಬೈನ ಹಣ್ಣಿನ ಸಗಟು ವ್ಯಾಪಾರ 1996ರಲ್ಲಿ ಕ್ರಾಫರ್ಡ್ ಮಾರ್ಕೆಟ್ ಬಿಟ್ಟು ವಾಶಿಯ ಎಪಿಎಂಸಿಗೆ ಹೋಯಿತು. ಅಲ್ಲಿಂದ ಕೊಲ್ಲಿಯ ಸೇತುವೆ ದಾಟಿ, ಮಾನ್‌ಖುರ್ದ್ ಲಿಂಕ್ ರಸ್ತೆ ಹಿಡಿದು ಸರಕು ಘಾಟ್ಕೋಪರ್‌ಗೆ ಬರುತ್ತದೆ.

ಯಾವುದಕ್ಕೆ ಎಷ್ಟು ತಂಪು

ಕಿತ್ತ ಮೇಲೂ ಹಣ್ಣು ಉಸಿರಾಡುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ಆ ಉಸಿರಾಟ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಹಾಗೆಂದು ಎಲ್ಲವನ್ನೂ ಸೊನ್ನೆಗೆ ತರುವಂತಿಲ್ಲ. ಸೇಬು, ದ್ರಾಕ್ಷಿಗೆ 0 ಡಿಗ್ರಿ ಸೆಲ್ಸಿಯಸ್ ಆಸುಪಾಸು ಒಗ್ಗುತ್ತದೆ. ಬಾಳೆಕಾಯಿಗೆ ಸುಮಾರು 13 ಬೇಕು. ಅದಕ್ಕಿಂತ ತಂಪಾದರೆ ಸಿಪ್ಪೆ ಕಂದುತ್ತದೆ, ಆಮೇಲೆ ಸರಿಯಾಗಿ ಹಣ್ಣಾಗುವುದೂ ಇಲ್ಲ. ಬಿತ್ತನೆ ಆಲೂಗಡ್ಡೆ 2–4 ಡಿಗ್ರಿಯಲ್ಲಿ ಚೆನ್ನಾಗಿರುತ್ತದೆ. ಅದೇ ಚಳಿಯಲ್ಲಿಟ್ಟ ಆಲೂಗಡ್ಡೆಯ ಚಿಪ್ಸ್ ಮಾತ್ರ ಬಾಣಲೆಯಲ್ಲಿ ಕಪ್ಪಾಗುತ್ತದೆ, ಏಕೆಂದರೆ ಪಿಷ್ಟದ ಒಂದು ಭಾಗ ಸಕ್ಕರೆಯಾಗಿರುತ್ತದೆ. ಹೆಪ್ಪುಗಟ್ಟಿಸಿದ ಮೀನಿಗೆ −18.

ಯಂತ್ರ

ದೊಡ್ಡ ಶೈತ್ಯಾಗಾರಗಳಲ್ಲಿ ಹೆಚ್ಚಾಗಿ ಅಮೋನಿಯಾ ಬಳಕೆ. ಸಾಮಾನ್ಯ ಒತ್ತಡದಲ್ಲಿ −33 ಡಿಗ್ರಿಗೇ ಕುದಿಯುವ ಈ ದ್ರವ, ಆವಿಯಾಗುವಾಗ ಕೋಣೆಯ ಶಾಖವನ್ನು ಹೀರಿಕೊಳ್ಳುತ್ತದೆ. ವಿಷಕಾರಿಯೇನೋ ಹೌದು, ಆದರೆ ಚೂರು ಸೋರಿದರೂ ಮೂಗಿಗೆ ಗೊತ್ತಾಗುತ್ತದೆ.

ತೊಂದರೆಯೆಲ್ಲ ಬಾಗಿಲಲ್ಲಿ

ಮುಂಬೈ ಕಡೆ ಚಳಿ ತಯಾರಿಸುವುದು ಕಷ್ಟವಲ್ಲ, ತೇವ ತಡೆಯುವುದು ಕಷ್ಟ. ಜುಲೈಯಲ್ಲಿ ಬಾಗಿಲು ತೆರೆದಾಗಲೆಲ್ಲ ಹಸಿ ಗಾಳಿ ನುಗ್ಗಿ, ಅದರ ತೇವ ಅಮೋನಿಯಾ ಹರಿಯುವ ತಣ್ಣನೆ ಕೊಳವೆ ಸುರುಳಿಯ (ಕಾಯಿಲ್) ಮೇಲೆ ಮಂಜಾಗಿ ಕೂರುತ್ತದೆ. ಮಂಜಿನ ಪದರ ಶಾಖಕ್ಕೆ ಅಡ್ಡ. ಕಂಪ್ರೆಸರ್ ಓಡಿದಷ್ಟೂ ಓಡುತ್ತದೆ, ಕೋಣೆ ತಣಿಯುವುದಿಲ್ಲ. ಆಗಾಗ ಡಿಫ್ರಾಸ್ಟ್ ಮಾಡಿ ಆ ಮಂಜನ್ನು ಕರಗಿಸಬೇಕು. ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ, ಅದರಾಚೆ ಒಂದು ತಂಪಾದ ನಡುಕೋಣೆ ಇರುವುದು ಇದಕ್ಕೇ.

ಗೋಡೆಯ ಮೀಟರ್ 1 ಡಿಗ್ರಿ ತೋರಿಸಿತೆಂದು ನಂಬಿ ಕೂರುವುದು ಜಾಣತನವಲ್ಲ. ಅದು ಗಾಳಿಯ ಲೆಕ್ಕ. ರಾಶಿಯ ನಡುವಿನ ಪೆಟ್ಟಿಗೆ ತೆರೆದು, ಥರ್ಮಾಮೀಟರಿನ ಸೂಜಿಯನ್ನು ಹಣ್ಣಿನ ತಿರುಳಿಗೆ ಚುಚ್ಚಿ ನೋಡಿದರೆ 5–6 ಇದ್ದರೂ ಇರಬಹುದು. ಪೆಟ್ಟಿಗೆಗಳನ್ನು ಗೋಡೆಗೆ ಒತ್ತಿ ಜೋಡಿಸಿದರೆ ಗಾಳಿ ಒಳಗೆ ಹೋಗುವುದೆಲ್ಲಿಂದ?

ಬ್ಯಾಡಗಿಯಲ್ಲಿ

ತೇವದ ಕಾಟ ಮುಂಬೈಗಷ್ಟೇ ಅಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜ್ ಹಣ್ಣಿಗಿಂತ ಒಣಮೆಣಸಿನಕಾಯಿಗೆ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಕಾಯಿಗೆ ಖಾರಕ್ಕಿಂತ ಬಣ್ಣದಿಂದಲೇ ಬೆಲೆ. ಸೆಕೆಯಲ್ಲಿಟ್ಟರೆ ಆ ಕೆಂಪು ಮಾಸುತ್ತದೆ. ಮಳೆಗಾಲದಲ್ಲಿ ಚೀಲವನ್ನು ಹೊರತಂದ ಕೂಡಲೇ ಬಿಚ್ಚಬಾರದು. ತಣ್ಣನೆ ಕಾಯಿಯ ಮೇಲೆ ಹೊರಗಿನ ತೇವ ಹನಿಗಟ್ಟಿ ಬೂಷ್ಟು ಹಿಡಿಯುತ್ತದೆ. ಒಳಗಿನ ಕಾಯಿ ಹೊರಗಿನ ಹವೆಗೆ ಹೊಂದುವವರೆಗೆ ಚೀಲದ ಬಾಯಿ ಕಟ್ಟಿಯೇ ಇರಬೇಕು.